ನಿಲ್ಲಿಸುವ ಯಂತ್ರ: ವಾಹನದ ಬ್ರೇಕು, ಅದರ ಆಯ್ಕೆ ಮತ್ತು ಆರೈಕೆ

ಹೊಸ ಮೋಟಾರ್ ಸೈಕಲ್ ಮನೆ ಮುಂದೆ ನಿಂತ ದಿನ ನೆರೆಹೊರೆಯವರು ಕೇಳುವ ಮೊದಲ ಪ್ರಶ್ನೆ 'ಎಷ್ಟಾಯಿತು?' ಎಂದು. ಎರಡನೆಯದು 'ಲೀಟರಿಗೆ ಎಷ್ಟು ಕೊಡುತ್ತದೆ?' ಎಂದು. 'ಎಷ್ಟು ದೂರದಲ್ಲಿ ನಿಲ್ಲುತ್ತದೆ?' ಎಂದು ಕೇಳಿದವರನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಓಡಿಸುವ ಯಂತ್ರದ ಬಗ್ಗೆ ನಮಗಿರುವ ಕುತೂಹಲದಲ್ಲಿ ಕಾಲುಭಾಗವೂ ನಿಲ್ಲಿಸುವ ಯಂತ್ರದ ಬಗ್ಗೆ ಇಲ್ಲ.

ಶಿವಮೊಗ್ಗ ಮತ್ತು ಭದ್ರಾವತಿಯ ನಡುವಿನ ರಸ್ತೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬೆಂಗಳೂರು–ಹೊನ್ನಾವರ ರಸ್ತೆಯ ಒಂದು ತುಂಡು ಇದು. ಎರಡೂ ಊರುಗಳ ಒಳಗೆ ಜನ ಇದನ್ನು ಬಿ.ಎಚ್. ರಸ್ತೆ ಎಂದೇ ಕರೆಯುತ್ತಾರೆ. ಸುಮಾರು 20 ಕಿಲೋಮೀಟರ್ ದೂರ. ಕಚೇರಿಗೆ, ಕಾಲೇಜಿಗೆ, ನಡುವೆ ಇರುವ ಮಾಚೇನಹಳ್ಳಿಯ ಕಾರ್ಖಾನೆಗಳಿಗೆ ದ್ವಿಚಕ್ರದಲ್ಲಿ ದಿನವೂ ಹೋಗಿಬರುವವರು ಬಹಳ. ನೀವು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೀರಿ, ಎದುರಿಗೆ ಒಂದು ಎಮ್ಮೆ ಅಡ್ಡ ಬಂತು ಎನ್ನಿ. ಕಣ್ಣು ಕಂಡು, ಮನಸ್ಸು ತಿಳಿದು, ಕೈಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ವಾಹನ 17 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕೂ ಟೈರೂ ಚೆನ್ನಾಗಿದ್ದು, ಒಣ ಡಾಂಬರು ರಸ್ತೆಯಾದರೆ, ನಿಲ್ಲಲು ಇನ್ನೂ ಸುಮಾರು 20 ಮೀಟರ್. ಮಳೆಯಲ್ಲಿ ನೆನೆದ ರಸ್ತೆಯಾದರೆ ಈ 20 ಎಂಬುದು 35ಕ್ಕೆ ಏರುತ್ತದೆ. ಅಂದರೆ ಒಟ್ಟು 52 ಮೀಟರ್. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಸಾಗುವ ದೂರ ನಾಲ್ಕು ಮಡಿ ಆಗುತ್ತದೆ ಎಂಬುದನ್ನು ಶಾಲೆಯಲ್ಲಿ ಓದಿದ್ದೇವೆ. ರಸ್ತೆಯ ಮೇಲೆ ಅದು ನೆನಪಿಗೆ ಬರುವುದಿಲ್ಲ.

ಬ್ರೇಕು ಮಾಡುವ ಕೆಲಸ ಒಂದೇ. ಚಲನೆಯ ಶಕ್ತಿಯನ್ನು ಉಜ್ಜಿ ಉಜ್ಜಿ ಶಾಖವಾಗಿ ಬದಲಿಸುವುದು. ಆ ಶಾಖ ಗಾಳಿಗೆ ಹೋಗಬೇಕು. ಹೋಗದಿದ್ದರೆ ಬ್ರೇಕು ಸೋಲುತ್ತದೆ. ವಿಜ್ಞಾನದ ಕಾರ್ಯಕ್ರಮ ತಯಾರಿಸುವ ನನ್ನಂಥವನಿಗೆ ಇದೊಂದು ತೊಡಕು. ಶಾಖ ಕ್ಯಾಮೆರಾದ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಕಬ್ಬಿಣದ ಕಡೆಯಿಂದ ವಿವರಿಸುತ್ತೇನೆ. ಅದಕ್ಕೆ ಭದ್ರಾವತಿಗಿಂತ ಒಳ್ಳೆಯ ಊರಿಲ್ಲ. ಆ ಊರಿನ ಹಳೆಯ ಹೆಸರೇ ಬೆಂಕೀಪುರ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು ಇವೆರಡನ್ನು ನಂಬಿ ಮೈಸೂರು ಸಂಸ್ಥಾನ ಕಟ್ಟಿಸಿದ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಇಳಿಯತೊಡಗಿತು. ಅಂಥ ಕಬ್ಬಿಣವನ್ನು ಮತ್ತೆ ಕರಗಿಸಿ ಅಚ್ಚಿಗೆ ಹೊಯ್ದರೆ ಬೀಡು ಕಬ್ಬಿಣ. ಉಕ್ಕಿಗಿಂತ ಇದರಲ್ಲಿ ಇಂಗಾಲ ಬಹಳ ಹೆಚ್ಚು, ನೂರಕ್ಕೆ ಮೂರು ಪಾಲಿಗೂ ಮೇಲೆ. ಬೂದುಬಣ್ಣದ ಬೀಡಿನಲ್ಲಿ ಆ ಇಂಗಾಲ ಸಣ್ಣ ಸಣ್ಣ ಗ್ರಾಫೈಟ್ ಚಕ್ಕೆಗಳಾಗಿ ಹರಡಿರುತ್ತದೆ. ಪೆನ್ಸಿಲಿನ ಒಳಗಿರುವ ವಸ್ತುವೇ ಇದು. ಈ ಚಕ್ಕೆಗಳು ಶಾಖವನ್ನು ಬೇಗ ಹರಿಸುತ್ತವೆ, ಕಂಪನವನ್ನು ನುಂಗುತ್ತವೆ. ಬೀಡು ಕಬ್ಬಿಣ ಸುತ್ತಿಗೆಯ ಏಟಿಗೆ ಒಡೆಯುತ್ತದೆ ನಿಜ, ಆದರೆ ಉಜ್ಜಿಸಿಕೊಳ್ಳುವುದಕ್ಕೆ ಅದಕ್ಕೆ ಸಮ ಇಲ್ಲ. ಲಾರಿಯ ಡ್ರಮ್, ಕಾರಿನ ಡಿಸ್ಕ್ ಇಂದಿಗೂ ಸಾಮಾನ್ಯವಾಗಿ ಇದರಿಂದಲೇ ಆಗುವುದು. ಮೋಟಾರ್ ಸೈಕಲ್ಲಿನ ಅಲ್ಯೂಮಿನಿಯಂ ಹಬ್ಬಿನೊಳಗೆ ನೋಡಿ, ಲೈನರ್ ತಾಗುವ ಜಾಗದಲ್ಲಿ ಕಬ್ಬಿಣದ ಬಳೆಯೊಂದು ಇರುತ್ತದೆ.

ಇನ್ನು ಮುಂದಿನ ಬ್ರೇಕು. 'ಮುಂದಿನದು ಹಿಡಿದರೆ ಎತ್ತಿ ಬಿಸಾಡುತ್ತದೆ' ಎಂಬ ಮಾತನ್ನು ಸೈಕಲ್ ಕಲಿಯುವ ಕಾಲದಿಂದ ಕೇಳಿದವರು ನಾವು. ಆದ್ದರಿಂದಲೇ ಹಿಂದಿನ ಪೆಡಲನ್ನು ಮಾತ್ರ ತುಳಿದು ಜೀವನ ಕಳೆಯುವವರಿದ್ದಾರೆ. ಬ್ರೇಕು ಹಿಡಿದೊಡನೆ ವಾಹನದ ಭಾರ ಮುಂದಕ್ಕೆ ವಾಲುತ್ತದೆ. ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ರಸ್ತೆಯ ಹಿಡಿತ ಕಡಿಮೆ, ಜೋರಾಗಿ ತುಳಿದರೆ ಅದು ಉರುಳುವುದನ್ನು ಬಿಟ್ಟು ಜಾರುತ್ತದೆ. ಒಣ ರಸ್ತೆಯಲ್ಲಿ ನಿಲ್ಲಿಸುವ ಬಲದ ಹೆಚ್ಚಿನ ಪಾಲು ಬರಬೇಕಾದದ್ದು ಮುಂದಿನ ಚಕ್ರದಿಂದಲೇ. ಎರಡನ್ನೂ ಒಟ್ಟಿಗೆ, ಮುಂದಿನದನ್ನು ಒಮ್ಮೆಗೇ ಕಿತ್ತುಹಿಡಿಯದೆ ಹಂತಹಂತವಾಗಿ ಬಿಗಿಯುತ್ತ ಹಿಡಿಯಬೇಕು. ಹ್ಯಾಂಡಲ್ ನೇರವಾಗಿರಬೇಕು. ತಿರುವಿನ ನಡುವೆ, ಮರಳು ಜಲ್ಲಿಯ ಮೇಲೆ ಮಾತ್ರ ಹಳಬರ ಭಯಕ್ಕೆ ಅರ್ಥವಿದೆ. ಖಾಲಿ ಮೈದಾನದಲ್ಲಿ 20 ಕಿಲೋಮೀಟರ್ ವೇಗದಿಂದ ಶುರುಮಾಡಿ ಅಭ್ಯಾಸ ಮಾಡಿದರೆ ಒಂದು ಬೆಳಗಿನಲ್ಲಿ ಕೈಗೆ ಬರುತ್ತದೆ.

ನಾನು ಹೆಚ್ಚು ಹೊತ್ತು ಹೇಳಬೇಕೆಂದಿರುವುದು ಸವೆತದ ಬಗ್ಗೆ. ಬಲ್ಬು ಸುಟ್ಟರೆ ಕತ್ತಲಾಗುತ್ತದೆ, ಟೈರು ಪಂಕ್ಚರಾದರೆ ವಾಹನ ನಿಲ್ಲುತ್ತದೆ. ಬ್ರೇಕು ಹಾಗಲ್ಲ. ದಿನಕ್ಕೆ ಕೂದಲೆಳೆಗಿಂತ ಕಡಿಮೆ ಸವೆಯುತ್ತದೆ. ಕಾಲು ತನಗೆ ತಾನೇ ಸ್ವಲ್ಪ ಹೆಚ್ಚು ಒತ್ತಲು ಕಲಿಯುತ್ತದೆ. ಆರು ತಿಂಗಳಲ್ಲಿ ಬ್ರೇಕು ಅರ್ಧ ಬಲ ಕಳೆದುಕೊಂಡಿದ್ದರೂ ಓಡಿಸುವವನಿಗೆ 'ಚೆನ್ನಾಗಿಯೇ ಇದೆ' ಎನ್ನಿಸುತ್ತದೆ. ಬೇರೆಯವರು ಗಾಡಿ ತೆಗೆದುಕೊಂಡು ಒಂದು ಸುತ್ತು ಹೋಗಿ ಬಂದಾಗಲೇ 'ಇದೇನು, ಬ್ರೇಕೇ ಇಲ್ಲವಲ್ಲ' ಎಂಬ ಮಾತು ಬರುವುದು. ಆದ್ದರಿಂದ ಬ್ರೇಕನ್ನು ಅಭ್ಯಾಸಬಲದಿಂದ ಅಳೆಯಬೇಡಿ, ಕಣ್ಣಿನಿಂದ ಅಳೆಯಿರಿ.

ಡ್ರಮ್ ಬ್ರೇಕಿನ ಬಹಳಷ್ಟು ಗಾಡಿಗಳಲ್ಲಿ ಬ್ರೇಕಿನ ತೋಳಿನ ಬುಡದಲ್ಲಿ ಒಂದು ಬಾಣದ ಗುರುತೂ ಅದರ ಎದುರು ತಟ್ಟೆಯ ಮೇಲೆ ಒಂದು ಗೆರೆಯೂ ಇರುತ್ತವೆ. ಪೂರ್ತಿ ತುಳಿದಾಗ ಬಾಣ ಗೆರೆಯನ್ನು ಮುಟ್ಟಿದರೆ ಲೈನರ್ ಮುಗಿಯಿತು ಎಂದರ್ಥ. ಆಗ ಕೆಲವೆಡೆ ಒಂದು ಚಮತ್ಕಾರ ನಡೆಯುತ್ತದೆ. ತೋಳನ್ನು ಕಳಚಿ, ಒಂದು ಹಲ್ಲು ಹಿಂದಕ್ಕೆ ಕೂರಿಸಿ ಬಿಗಿ ಮಾಡಿಕೊಡುತ್ತಾರೆ. ಇಲ್ಲವೇ ಶೂ ತುದಿಗೆ ತಗಡಿನ ತುಂಡು ಇಡುತ್ತಾರೆ. ಪೆಡಲ್ ಮತ್ತೆ ಗಟ್ಟಿಯಾಗುತ್ತದೆ, ಗಿರಾಕಿ ಸಂತೋಷದಿಂದ ಹೋಗುತ್ತಾನೆ. ಆದರೆ ಬಾಣದ ಗುರುತು ಇನ್ನು ಸುಳ್ಳು ಹೇಳುತ್ತದೆ. ಒಳಗಿನ ಕ್ಯಾಮ್ ಮಿತಿಮೀರಿ ತಿರುಗಿ ಸಿಕ್ಕಿಕೊಂಡರೆ ಚಕ್ರ ಓಡುತ್ತಿರುವಾಗಲೇ ಬಿಗಿಯಬಹುದು. ಒಂದು ಜೊತೆ ಶೂಗಳ ಬೆಲೆ ಉಳಿಸಲು ಮಾಡುವ ಈ ಕೆಲಸಕ್ಕೆ ದಯವಿಟ್ಟು ಒಪ್ಪಬೇಡಿ. ಹಳೆಯ ಗಾಡಿ ಕೊಳ್ಳುವವರು ಮೊದಲು ಚಕ್ರ ಬಿಚ್ಚಿಸಿ ಶೂ ನೋಡಲಿ, ಬಣ್ಣ ಆಮೇಲೆ ನೋಡಬಹುದು.

ಡಿಸ್ಕ್ ಆದರೆ ಪ್ಯಾಡಿನಲ್ಲಿ ಕೊರೆದ ಗೀರು ಮಾಯವಾಗುವ ಮೊದಲೇ ಬದಲಾಯಿಸಬೇಕು. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬರುವವರೆಗೆ ಕಾದರೆ ಡಿಸ್ಕನ್ನೂ ಬದಲಾಯಿಸಬೇಕಾದೀತು. ಚೈನಿಗೆ ಎಣ್ಣೆ ಬಿಡುವಾಗ ಒಂದು ಹನಿ ಲೈನರಿಗೋ ಡಿಸ್ಕಿಗೋ ಬಿದ್ದರೂ ಹಿಡಿತ ಹೋಯಿತು. ಶೂ ಬಿಚ್ಚಿದಾಗ ಡ್ರಮ್ಮಿನ ಪುಡಿಯನ್ನು ಬಾಯಿಂದಲೋ ಗಾಳಿಪಂಪಿನಿಂದಲೋ ಊದಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಕೇಡು. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಇಂಥ ಕೆಲಸದಲ್ಲೇ ದಿನ ಕಳೆಯುವ ಹುಡುಗರಿಗೆ ಈ ಮಾತು ಇನ್ನೂ ಮುಖ್ಯ.

ಡ್ರಮ್ಮೋ ಡಿಸ್ಕೋ ಎಂಬ ಪ್ರಶ್ನೆಗೆ ನನ್ನ ಉತ್ತರ, ನೀವು ಎಲ್ಲಿ ಓಡಿಸುತ್ತೀರಿ ಎಂಬುದರ ಮೇಲಿದೆ. ಪೇಟೆಯೊಳಗೆ 40ರ ವೇಗ ದಾಟದವರಿಗೆ ಸುಸ್ಥಿತಿಯ ಡ್ರಮ್ ಧಾರಾಳ ಸಾಕು, ಖರ್ಚೂ ಕಡಿಮೆ. ಹೆದ್ದಾರಿಯಲ್ಲಿ ದಿನವೂ ಓಡಾಡುವವರು, ಹಿಂದೆ ಹಾಲಿನ ಕ್ಯಾನೋ ಅಡಿಕೆ ಮೂಟೆಯೋ ಹೇರುವವರು, ತೀರ್ಥಹಳ್ಳಿ, ಹೊಸನಗರದ ಕಡೆ ಹೋಗುವವರು ಮುಂದಿನ ಚಕ್ರಕ್ಕಾದರೂ ಡಿಸ್ಕ್ ಇರುವುದನ್ನೇ ಕೊಳ್ಳಲಿ. ಡಿಸ್ಕ್ ಗಾಳಿಗೆ ತೆರೆದಿರುವುದರಿಂದ ಬೇಗ ಆರುತ್ತದೆ, ನೀರನ್ನೂ ಬೇಗ ಕೊಡವುತ್ತದೆ. ಡ್ರಮ್ಮಿನೊಳಗೆ ನೀರು ಹೊಕ್ಕರೆ ಸುಮ್ಮನೆ ಉಳಿಯುತ್ತದೆ; ನೀರು ನಿಂತ ರಸ್ತೆ ದಾಟಿದ ಮೇಲೆ ನಿಧಾನವಾಗಿ ಹೋಗುತ್ತ ಬ್ರೇಕನ್ನು ಹಗುರಾಗಿ ಒತ್ತಿ ಒಣಗಿಸಿಕೊಳ್ಳಬೇಕು. 2018ರ ಏಪ್ರಿಲಿನಿಂದ ಹೊಸ ಮಾದರಿಗಳಿಗೂ 2019ರ ಏಪ್ರಿಲಿನಿಂದ ಮಾರಾಟವಾಗುವ ಎಲ್ಲ ಹೊಸ ದ್ವಿಚಕ್ರಗಳಿಗೂ ಕಾನೂನು ಒಂದು ಸಹಾಯ ಒದಗಿಸಿತು: 125 ಸಿ.ಸಿ.ಗೂ ಹೆಚ್ಚಿನವಕ್ಕೆ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎ.ಬಿ.ಎಸ್., ಅದಕ್ಕಿಂತ ಚಿಕ್ಕವಕ್ಕೆ ಒಂದನ್ನು ಒತ್ತಿದರೆ ಎರಡೂ ಚಕ್ರ ಹಿಡಿಯುವ ಜೋಡಿ ಬ್ರೇಕು. ಎ.ಬಿ.ಎಸ್. ಇದ್ದರೂ ಸವೆದ ಪ್ಯಾಡಿಗೆ ಪ್ರಾಣ ಬರುವುದಿಲ್ಲ, ಬೋಳು ಟೈರಿಗೆ ಹಲ್ಲು ಮೂಡುವುದಿಲ್ಲ.

ಬ್ರೇಕ್ ಆಯಿಲ್ ಎಂದು ನಾವು ಕರೆಯುವ ದ್ರವ ಎಣ್ಣೆಯೇ ಅಲ್ಲ. ಡಾಟ್ 3, ಡಾಟ್ 4 ಎಂಬ ಗುರುತಿನವು ಗಾಳಿಯಲ್ಲಿರುವ ತೇವವನ್ನು ಹೀರುವ ರಾಸಾಯನಿಕಗಳು. ಹೊಸದರಲ್ಲಿ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ನೀರು ಹೀರಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಕುದಿದರೆ ಆವಿಯ ಗುಳ್ಳೆಗಳು, ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಲಿವರ್ ಹಿಡಿವರೆಗೂ ಬರುತ್ತದೆ, ಬ್ರೇಕು ಮಾತ್ರ ಹಿಡಿಯುವುದಿಲ್ಲ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿನಕಾಯಿ ಭರಣಿಗೇ ಬೂಸಲು ಬರುವಾಗ ಈ ದ್ರವ ಎಷ್ಟು ತೇವ ಹೀರೀತು ಯೋಚಿಸಿ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ, ಏರ್ ತೆಗೆಸಬೇಕು. ಬಾಟಲಿ ಒಡೆದು ವರ್ಷವಾದದ್ದನ್ನು ಹಾಕಿಸಬೇಡಿ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಸಂಖ್ಯೆಯದನ್ನೇ ಹಾಕಿಸಿ. ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಎದ್ದುಬರುತ್ತದೆ, ಕೂಡಲೇ ನೀರಿನಿಂದ ತೊಳೆಯಿರಿ.

ಇನ್ನು ಆಗುಂಬೆ. ಶಿವಮೊಗ್ಗದಿಂದ ಉಡುಪಿಗೆ ಇಳಿಯುವವರ ದಾರಿ. ಒಂದು ಲೆಕ್ಕ ಕೇಳಿ: ಕೇವಲ ಬ್ರೇಕಿನ ಮೇಲೆ ನೂರು ಮೀಟರ್ ಎತ್ತರ ಇಳಿದರೆ, 60 ಕಿಲೋಮೀಟರ್ ವೇಗದ ಗಾಡಿಯನ್ನು ಏಳು ಸಲ ಪೂರ್ತಿ ನಿಲ್ಲಿಸಿದಷ್ಟು ಶಾಖ ಹುಟ್ಟುತ್ತದೆ. ಘಾಟಿ ಮುಗಿಯುವುದರೊಳಗೆ ಇಂಥ ನೂರು ಮೀಟರುಗಳು ಹಲವು. ಈ ಶಾಖವನ್ನು ಎಂಜಿನ್ನಿಗೆ ಹಂಚಿ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ಲಿಗೆ ಹಾಕುವವರಿಗೆ ಒಂದು ಸುದ್ದಿ: ಇಂಜೆಕ್ಷನ್ ಪದ್ಧತಿಯ ಎಂಜಿನ್ನು ಗೇರಿನಲ್ಲಿದ್ದು, ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಪೆಟ್ರೋಲನ್ನು ಸಾಮಾನ್ಯವಾಗಿ ನಿಲ್ಲಿಸಿಯೇಬಿಡುತ್ತದೆ, ನ್ಯೂಟ್ರಲ್ಲಿನಲ್ಲಿ ಸುಡುತ್ತಲೇ ಇರುತ್ತದೆ. ಕಾರಿನ ಎಂಜಿನ್ ಆರಿಸಿ ಇಳಿಯುವುದಂತೂ ಕೂಡದು. ಬ್ರೇಕಿಗೆ ಬಲ ಕೊಡುವ ನಿರ್ವಾತ ಎರಡು ಮೂರು ಒತ್ತಿಗೆ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ. ಗೇರಿಲ್ಲದ ಸ್ಕೂಟರಿನಲ್ಲಿ ಎಂಜಿನ್ನಿನ ತಡೆ ಕಡಿಮೆ. ಅವರು ಮೊದಲಿನಿಂದಲೇ ನಿಧಾನವಾಗಿರಲಿ, ಸದಾ ಒತ್ತಿಕೊಂಡಿರುವ ಬದಲು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟು, ಮತ್ತೆ ಹಿಡಿಯಲಿ.

ಇಳಿಯುವಾಗ ಸುಟ್ಟ ವಾಸನೆ ಬಂದರೆ, ಲಿವರ್ ಮೆತ್ತಗಾದರೆ, ಅಗಲವಾದ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕೂರಿ. ಬೇಗ ಆರಲೆಂದು ಕಾದ ಡ್ರಮ್ಮಿಗೆ ನೀರು ಎರಚಬೇಡಿ. ಬೀಡು ಕಬ್ಬಿಣ ಬಿರಿಯುತ್ತದೆ.