ಯಾವ ಗಡಿ ದಾಟಿದರೆ ಯಾವ ರಕ್ಷಣೆ

ತೊಗರಿ ರಾಶಿ ಮುಗಿಯಿತೆಂದರೆ ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಮುದುಕರನ್ನು ಊರಲ್ಲಿ ಬಿಟ್ಟು ಉಳಿದವರು ಗುಳೆ ಹೋಗುತ್ತಾರೆ. ಹಾಗೆ ಹೋದವರ ಜೀವಕ್ಕೆ ಕಾಯ್ದೆ ಹೇಗೆ ಕಾವಲು ನಿಂತಿತು, ಎಲ್ಲಿ ನಿಲ್ಲಲಿಲ್ಲ ಎಂಬುದೇ ಇಂದಿನ ಮಾತು.

ಮುಂಬೈ ಕಡೆಯ ರೈಲು 1871ರಲ್ಲಿ ರಾಯಚೂರು ಮುಟ್ಟಿತು. ಯಾದಗಿರಿ ಆ ಹಳಿಯ ಮೇಲೇ ಇದೆ, ದೂರದ ದುಡಿಮೆಗೆ ದಾರಿ ತೆರೆಯಿತು. ಕೆಲಸದಲ್ಲಿ ಪೆಟ್ಟಾದರೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾಯ್ದೆ ಬ್ರಿಟಿಷ್ ಭಾರತಕ್ಕೆ ಬಂದದ್ದು 1923ರಲ್ಲಿ. ನಮ್ಮ ಸೀಮೆ ಆಗ ನಿಜಾಮರ ಆಳ್ವಿಕೆಯಲ್ಲಿತ್ತು, ಹಾಗಾಗಿ ಆ ಕಾಯ್ದೆ ಇಲ್ಲಿಗೆ ಅನ್ವಯಿಸಲಿಲ್ಲ.

ಗುಳೆ ಹೋದವರಿಗೆಂದೇ ಕಾಯ್ದೆ ಆದದ್ದು 1979ರಲ್ಲಿ. ಒಡಿಶಾದ ಬಡವರನ್ನು ಸರ್ದಾರರೆಂಬ ದಲ್ಲಾಳಿಗಳು ಆಸೆ ತೋರಿಸಿ ದೂರದ ಕಾಮಗಾರಿಗಳಿಗೆ ಒಯ್ಯುತ್ತಿದ್ದ ‘ದಾದನ್’ ಪದ್ಧತಿ ಅದಕ್ಕೆ ಕಾರಣ. ಅಂತರರಾಜ್ಯ ವಲಸೆ ಕಾರ್ಮಿಕರ ಆ ಕಾಯ್ದೆಯಲ್ಲಿ ನನ್ನ ಮನಸ್ಸನ್ನು ಹಿಡಿದ ವಿಧಿಯೊಂದಿತ್ತು: ಕಾರ್ಮಿಕ ಸತ್ತರೆ ಅಥವಾ ತೀವ್ರ ಗಾಯಗೊಂಡರೆ ಗುತ್ತಿಗೆದಾರ ಎರಡೂ ರಾಜ್ಯಗಳ ಅಧಿಕಾರಿಗಳಿಗೆ, ಜೊತೆಗೆ ಮನೆಯವರಿಗೆ ತಿಳಿಸಲೇಬೇಕಿತ್ತು. ಹೆಣ ಊರಿಗೆ ಬಂದಮೇಲೆ ಸುದ್ದಿ ಗೊತ್ತಾಗುವ ಮನೆಗಳಿಗೆ ಅದು ಎಂಥ ಆಸರೆಯಾಗಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಈ ಕಾಯ್ದೆ ನೋಡುತ್ತಿದ್ದದ್ದು ರಾಜ್ಯದ ಗಡಿಯನ್ನು. ಸುರಪುರದ ಇಬ್ಬರು ಅಣ್ಣತಮ್ಮಂದಿರು ಗುತ್ತಿಗೆದಾರರ ಕೈಕೆಳಗೆ ಹೊರಟರು ಎನ್ನಿ. ಹೈದರಾಬಾದಿಗೆ ಹೋದವನಿಗೆ ಕಾಯ್ದೆ ಅನ್ವಯಿಸುತ್ತಿತ್ತು. ಅದಕ್ಕಿಂತ ಬಹು ದೂರದ ಬೆಂಗಳೂರಿಗೆ ಹೋದವನಿಗೆ ಅನ್ವಯಿಸುತ್ತಿರಲಿಲ್ಲ, ಏಕೆಂದರೆ ಅವನು ರಾಜ್ಯ ಬಿಟ್ಟಿರಲಿಲ್ಲ! ಇಬ್ಬರೂ ಹತ್ತುವುದು ಅಂಥದೇ ಸಾರ್ವೆ, ಬಿದ್ದರೆ ಮುರಿಯುವುದು ಅದೇ ಸೊಂಟ. ಇದು ನನಗೆ ಇಂದಿಗೂ ಒಪ್ಪಿಗೆಯಾಗದ ಅನ್ಯಾಯ.

ದೇಶದ ಗಡಿ ದಾಟಿದವರ ಲೆಕ್ಕ ಬೇರೆ. 1983ರ ವಲಸೆ ಕಾಯ್ದೆಯಂತೆ, ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗಬೇಕಾದರೆ ಸರಕಾರದ ಅನುಮತಿ ಬೇಕು. ಅವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ 10 ಲಕ್ಷ ರೂಪಾಯಿ ಅಪಘಾತ ವಿಮೆಯೂ ಉಂಟು. ಕತಾರ್ 2021ರಿಂದ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಿಸಿಲಲ್ಲಿ ದುಡಿಸುವುದನ್ನು ನಿಷೇಧಿಸಿದೆ. ನಮ್ಮ ಕಲಬುರಗಿ ವಿಭಾಗದಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಸರಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು 1.30ಕ್ಕೆ ಮುಚ್ಚುತ್ತವೆ. ಆ ಸುಡುಬಿಸಿಲಲ್ಲಿ ಗಾರೆ ಹೊರುವವರಿಗೂ ಅಂಥ ಹೊತ್ತುಪಾಡು ಬೇಡವೇ?

ಹಾಗೆಂದು ಕೊಲ್ಲಿಯಲ್ಲಿ ಎಲ್ಲ ಕ್ಷೇಮ ಎನ್ನುವಂತಿಲ್ಲ. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿಗೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ಸತ್ತರು. ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯವರೊಬ್ಬರೂ ಅವರಲ್ಲಿದ್ದರು. ಮಲಗುವ ಕೋಣೆಯೂ ದುಡಿಮೆಯ ಜಾಗದಷ್ಟೇ ಸುರಕ್ಷಿತವಾಗಿರಬೇಕು.

ಇನ್ನು ಬೆಂಗಳೂರಿಗೆ ಹೋದ ಆ ಸುರಪುರದವನಿಗೆ ಆಸರೆಯಾಗಿದ್ದದ್ದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಆದರೆ ಆ 90 ದಿನ ದುಡಿದದ್ದನ್ನು ತೋರಿಸಬೇಕಲ್ಲ? ವಾರಕ್ಕೊಂದು ಸೈಟ್ ಬದಲಿಸುವವರು ಯಾರ ಹತ್ತಿರ ಸಹಿ ಕೇಳಬೇಕು?

2025ರ ನವೆಂಬರ್ 21ರಂದು 1979 ಮತ್ತು 1996ರ ಕಾಯ್ದೆಗಳ ಜಾಗದಲ್ಲಿ ಹೊಸ ಸುರಕ್ಷತಾ ಸಂಹಿತೆ ಜಾರಿಗೆ ಬಂತು. ತಾವಾಗಿಯೇ ಬೇರೆ ರಾಜ್ಯಕ್ಕೆ ಹೋದವರನ್ನೂ ಅದು ವಲಸೆ ಕಾರ್ಮಿಕರೆಂದು ಒಪ್ಪಿದೆ. ರಾಜ್ಯದೊಳಗೇ ಅಲೆಯುವವರು ಆ ಲೆಕ್ಕಕ್ಕೆ ಇನ್ನೂ ಸೇರಿಲ್ಲ.

ಈ ಸಲ ಹೊರಡುವವರು ಮೇಸ್ತ್ರಿಯ ಹೆಸರು, ಗುತ್ತಿಗೆದಾರನ ಹೆಸರು, ಸೈಟಿನ ವಿಳಾಸ ಬರೆದು ಮನೆಯಲ್ಲಿಟ್ಟು ಹೋಗಿರಿ. ಕಲ್ಯಾಣ ಮಂಡಳಿಯ ಲೇಬರ್ ಕಾರ್ಡಿನ ಒಂದು ಝೆರಾಕ್ಸ್ ಪ್ರತಿಯೂ ಅದರ ಜೊತೆಗಿರಲಿ.