ನಾಲಿಗೆಗೆ ಬಂದ ಗಾದೆ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಆಡಿದ ಮಾತಿನ ಬರಹರೂಪ)



ನಮ್ಮಲ್ಲಿ ಬಹಳ ಮಂದಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದವರು. ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಇದೇ ಕಥೆ. ‘ಕಂಪು’ ಅಂದರೆ ಸುವಾಸನೆ ಎಂದು ಇಲ್ಲಿ ಕಲಿತು ಹೋದ ನಾನು, ಮಲ್ಲಿಗೆ ಮುಡಿದಿದ್ದ ನಮ್ಮಜ್ಜಿಗೆ ‘ಎಂಥಾ ಕಂಪು!’ ಅಂದಿದ್ದೆ. ತೆಲುಗಿನಲ್ಲಿ ಕಂಪು ಅಂದರೆ ನಾತ. ಅಜ್ಜಿ ಎರಡು ದಿನ ಮಾತು ಬಿಟ್ಟಿದ್ದರು. ಅರ್ಥ ತಿಳಿಸಿದ ಮೇಲೆ ನಕ್ಕರು, ಮುಗಿಯಿತು.

ಇನ್ನೊಂದು ಅಷ್ಟು ಸುಲಭವಾಗಿ ಮುಗಿಯಲಿಲ್ಲ.

ಪರೀಕ್ಷೆಯಲ್ಲಿ ಗಾದೆ ವಿಸ್ತರಿಸಿ ಅಂದರೆ ನಾವೆಲ್ಲ ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದೇ ಶುರು ಮಾಡುತ್ತಿದ್ದೆವು. ಒಂದು ಅಂಕ ಗ್ಯಾರಂಟಿ. ನಾನು ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಶಿಡ್ಲಘಟ್ಟದ ಒಂದು ಮದುವೆಯಲ್ಲಿ ಹಳೆಯ ಗೆಳೆಯರು ಸೇರಿದ್ದೆವು. ಊಟದ ಪಂಕ್ತಿಯಲ್ಲಿ ಒಬ್ಬ ತನ್ನ ಆಫೀಸಿನ ಕಿರಿಕಿರಿ ಹೇಳಿಕೊಂಡ. ಸಮಾಧಾನಕ್ಕೆ ನಾನು, ‘ಊರು ಅಂದಮೇಲೆ ಹೊಲಗೇರಿ ಇರುತ್ತೆ, ಬಿಡಪ್ಪ’ ಅಂದೆ. ಎಲ್ಲರೂ ತಲೆಯಾಡಿಸಿದರು. ಮೂರು ವರ್ಷ ನನ್ನ ಬೆಂಚಿನಲ್ಲೇ ಕೂತಿದ್ದ ಗೆಳೆಯ ಮಾತ್ರ ಎಲೆ ಮಡಚಿ ಎದ್ದ. ಕೈ ತೊಳೆಯುವಲ್ಲಿ ಮೆಲ್ಲಗೆ ಹೇಳಿದ: ‘ನಿನಗದು ಗಾದೆ. ನನಗದು ಮನೆ ವಿಳಾಸ ಕಣೋ.’

ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ ಅಂದೆ. ಅದೂ ನಿಜವೇ. ಆದರೆ ಒಳ್ಳೆಯದು ಊರು, ಕೆಟ್ಟದ್ದು ಕೇರಿ ಎಂಬ ಲೆಕ್ಕ ಆ ಗಾದೆಯೊಳಗೇ ಇತ್ತಲ್ಲ.

2023ರ ಆಗಸ್ಟ್‌ನಲ್ಲಿ ನಟ ಉಪೇಂದ್ರ ಅವರು ಫೇಸ್‌ಬುಕ್ ನೇರಪ್ರಸಾರದಲ್ಲಿ ಇದೇ ಗಾದೆ ಆಡಿದರು. ಪ್ರತಿಭಟನೆ, ದೂರು, ಎಫ್‌ಐಆರ್ ಎಲ್ಲ ಆಯಿತು. ಅವರು ವಿಡಿಯೊ ಅಳಿಸಿ ಕ್ಷಮೆ ಕೇಳಿದರು. ಪ್ರಕರಣಕ್ಕೆ ಹೈಕೋರ್ಟ್ ತಡೆ ನೀಡಿತು. ‘ಒಂದು ಗಾದೆಗೆ ಇಷ್ಟು ರಾದ್ಧಾಂತವೇ?’ ಎಂದು ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಲವರು ಬರೆದರು. ಕೇಸು ಬೇಕಿತ್ತೇ ಎನ್ನುವುದು ನನಗೂ ಅನುಮಾನವೇ. ಆದರೆ ಹಾಗೆ ಬರೆದವರಲ್ಲಿ ಕೇರಿಯ ಗೆಳೆಯರು ಒಬ್ಬರೂ ಇರಲಿಲ್ಲ. ಅವರು ಸುಮ್ಮನಿದ್ದರು.

ನಮ್ಮ ಕಸುಬಿನಲ್ಲೂ ಯಂತ್ರಗಳಿಗೆ ‘ಮಾಸ್ಟರ್’, ‘ಸ್ಲೇವ್’ ಅನ್ನುತ್ತಿದ್ದೆವು. ಅಂದರೆ ಒಡೆಯ, ಗುಲಾಮ. 2020ರಲ್ಲಿ ಗಿಟ್‌ಹಬ್ ಹೊಸ ಪ್ರಾಜೆಕ್ಟ್‌ಗಳ ಮುಖ್ಯ ಶಾಖೆಗೆ ‘ಮಾಸ್ಟರ್’ ಬಿಟ್ಟು ‘ಮೇನ್’ ಎಂದು ಹೆಸರಿಟ್ಟಾಗ ನಾನೂ ಗೊಣಗಿದವನೇ. ಒಂದು ವಾರದಲ್ಲಿ ಬೆರಳಿಗೆ ರೂಢಿಯಾಯಿತು. ನಾಲಿಗೆ ಅಷ್ಟು ಬೇಗ ಕೇಳುವುದಿಲ್ಲ. ‘ಕುಂಟು ನೆಪ’ ಈಗಲೂ ಬಂದುಬಿಡುತ್ತದೆ, ‘ಸುಳ್ಳು ನೆಪ’ ಅಂದರೂ ಸಾಕು ಎಂದು ಗೊತ್ತಿದ್ದೂ.

ಆ ಗೆಳೆಯ ಈಗ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುತ್ತಾನೆ. ಇಲ್ಲೇ ಎಲ್ಲೋ ಕೂತಿದ್ದಾನೆ. ಈ ವಿಷಯ ಹೇಳಬಹುದೇ ಎಂದು ಮೊನ್ನೆ ಫೋನಿನಲ್ಲಿ ಕೇಳಿದೆ. ‘ಹೇಳು, ನನ್ನ ಹೆಸರು ಬೇಡ’ ಅಂದ. ಆ ಗಾದೆಯ ಜಾಗಕ್ಕೆ ಏನು ಹೇಳಲಿ ಅಂದೆ. ಸ್ವಲ್ಪ ಯೋಚಿಸಿ ಅಂದ: ‘ಹುಳ ಸಾಕಿದಮೇಲೆ ಊಜಿ ನೊಣ ಬರುತ್ತೆ ಅನ್ನು. ನಮ್ಮ ಕಡೆ ಯಾರಿಗೆ ಅರ್ಥ ಆಗಲ್ಲ?’