ಶ್ರಾವಣಮಾಸದ ಹದ



ಆಷಾಢದ ಅಮಾವಾಸ್ಯೆ ಕಳೆದೊಡನೆ ಈ ನಾಡಿನ ಅನೇಕ ಮಠಗಳಲ್ಲಿ ಪುರಾಣ-ಪ್ರವಚನಗಳು ಮೊದಲಾಗುವವು. ಶ್ರಾವಣಮಾಸವೆಲ್ಲ ಜನರು ಭಕ್ತಿಯಿಂದ ಕುಳಿತು ಕೇಳುವರು. ಅದೇ ಮೂವತ್ತು ದಿನಗಳಲ್ಲಿ ಒಲೆಯ ಮುಂದೆಯೂ ಹೊಲದ ಬದುವಿನ ಮೇಲೆಯೂ ಮತ್ತೊಂದು ಪಾಠವು ನಡೆದಿರುವದು. ಅದನ್ನು ಪಾಠವೆಂದು ಎಣಿಸುವವರೇ ವಿರಳ.

ಅನ್ನವುಣ್ಣುವ ನಾಡಿನಿಂದ ಮಾನವಿಯ ಸೀಮೆಗೆ ಸೊಸೆಯಾಗಿ ಬಂದ ಹೆಣ್ಣುಮಗಳೊಬ್ಬಳನ್ನು ಭಾವಿಸಿರಿ. ಮೊದಲ ದಿನ ಅವಳು ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ನಾದುವಳು. ಬಡಿಯುವಷ್ಟರಲ್ಲಿ ರೊಟ್ಟಿಯ ಅಂಚೆಲ್ಲ ಬಿರಿದು ತುಂಡುತುಂಡಾಗಿ ಕೈಗೆ ಬರುವದು. "ಎಸರು ಮಳ್ಳಲಿ, ತಡಿಯವ್ವಾ" ಎಂದು ಅತ್ತೆಯು ನಗುವಳು. ಗೋದಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿಯುವ ನೀರು ತಾಕಿದಾಗ ಹಿಟ್ಟಿನೊಳಗಣ ಪಿಷ್ಟವು ಉಬ್ಬಿ ಬೆಂದು ಜಿಗಿಯನ್ನು ಕೊಡುವದು. ಬೀಸಿ ಬಹುದಿನವಾದ ಹಿಟ್ಟಿಗೆ ಜಿಗಿ ಬಾರದೆಂಬುದನ್ನೂ, ಹಂಚಿಗೆ ಹಾಕಿದೊಡನೆ ರೊಟ್ಟಿಯ ಮೇಲೆ ನೀರು ಸವರಬೇಕೆಂಬುದನ್ನೂ, ಖಡಕ್ಕಾಗಿ ಬೇಯಿಸಿದ್ದು ವಾರಗಟ್ಟಲೆ ಕೆಡದೆಂಬುದನ್ನೂ ಅವಳು ಒಂದೊಂದಾಗಿ ಕಲಿಯುವಳು. ಹಿಟ್ಟೆಷ್ಟು, ನೀರೆಷ್ಟು ಎಂದು ಕೇಳಿದರೆ ಮಾತ್ರ ಅತ್ತೆಯಲ್ಲಿ ಉತ್ತರವಿಲ್ಲ. "ಕೈಗೆ ತಿಳಿತೈತಿ" ಎಂದಷ್ಟೇ ಹೇಳುವಳು.

ನಾಗರಪಂಚಮಿಯ ಅರಳಿನ ವಿಷಯವೂ ಹೀಗೆಯೇ. ಜೋಳಕ್ಕೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಟ್ಟು ಕಾದ ಹಂಚಿಗೆ ಹಾಕಿದರೆ, ಕಾಳಿನೊಳಗಣ ತೇವವು ಉಗಿಯಾಗಿ ಅದನ್ನು ಅರಳಿಸುವದು. ತೇವ ಕಡಿಮೆಯಾದರೆ ಕಾಳು ಸೀಯುವದು.

ಇನ್ನು ದೇವದುರ್ಗದ ಕಡೆಗೆ, ಕೃಷ್ಣೆಯ ಬದಿಯ ಎರೆಹೊಲಕ್ಕೆ ಹೋದರೆ ಅಲ್ಲಿಯೂ ಅದೇ ಮಾತು. ಮಳೆಯ ಮರುದಿನವೇ ಕುಂಟೆ ಹೂಡಿದರೆ ಎರೆಯು ಮೆತ್ತಿಕೊಂಡು ಹೆಂಟೆಗಟ್ಟುವದು. ಬಹಳ ತಡೆದರೆ ನೆಲ ಬಿರಿದು ಒಳಗಿನ ತೇವ ಆರಿಹೋಗುವದು. ಆದುದರಿಂದ ತಂದೆಯು ಮಗನ ಕೈಯಲ್ಲಿ ಒಂದು ಹಿಡಿ ಮಣ್ಣನ್ನಿಟ್ಟು ಉಂಡೆಮಾಡಿಸಿ ಕೆಳಗೆ ಬೀಳಿಸುವನು. ಪುಡಿಯಾಗಿ ಚದುರಿದರೆ ಹದ, ಹಾಗೆಯೇ ಕೂತರೆ ಇನ್ನೂ ಹಸಿ. ಉತ್ತರೆ-ಹಸ್ತ ಮಳೆಗಳ ಕಾಲಕ್ಕೆ ಬಿತ್ತುವ ಹಿಂಗಾರಿ ಜೋಳಕ್ಕೆ, ಶ್ರಾವಣದಿಂದ ಕಾಪಾಡಿಕೊಂಡು ಬಂದ ಈ ತೇವವೇ ಬಹುಮಟ್ಟಿಗೆ ಆಧಾರ. ಅತ್ತೆಯು ಹಿಟ್ಟಿಗೆ ಹೇಳುವ ಶಬ್ದವನ್ನೇ ಒಕ್ಕಲಿಗನು ಮಣ್ಣಿಗೆ ಹೇಳುವನೆಂಬುದು ಗಮನಿಸತಕ್ಕದ್ದು.

ಇದನ್ನೆಲ್ಲ ಬರೆದಿಟ್ಟರೆ ಸಾಲದೇ ಎಂದು ಯಾರಾದರೂ ಕೇಳಬಹುದು. ರಾಯಚೂರಿನ ಕೋಟೆಯ ಗೋಡೆಯಲ್ಲಿ 1294ರ ಶಾಸನವುಳ್ಳ, ಸುಮಾರು 41 ಅಡಿ ಉದ್ದದ ಬಂಡೆಯೊಂದಿರುವದು. ಅಂಥ ಬಂಡೆಯನ್ನು ಬಂಡಿಯ ಮೇಲೇರಿಸಿ ಎಳೆದು ತಂದ ಬಗೆಯನ್ನು ಅಲ್ಲಿಯೇ ಚಿತ್ರವಾಗಿ ಕೊರೆದಿರುವರು. ಏಳುನೂರು ವರ್ಷಗಳಿಂದ ಆ ಚಿತ್ರವು ಎಲ್ಲರ ಕಣ್ಣಿಗೂ ಬಿದ್ದಿದೆ. ಆದರೂ ಅದನ್ನು ನೋಡಿಯೇ ಬಂಡೆ ಎಳೆಯಲು ಕಲಿಯುವೆನೆಂದರೆ ಆಗದು.

1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಪೂರ್ಣವಾದ ತರುವಾಯ ಎಡದಂಡೆಯ ಕಾಲುವೆಯು ಮಾನವಿಯ ಸೀಮೆಗೆ ನೀರನ್ನು ತಂದಿತು. ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಎಷ್ಟೋ ಮನೆಗಳು ಇದರಿಂದ ಉಂಡವು. ಅದನ್ನು ಹಳಿಯುವದು ಕೃತಘ್ನತೆಯಾದೀತು. ಆದರೆ ನೀರು ನಿಂತ ಕಡೆಗಳಲ್ಲಿ ಸವಳು ಏರಿತು. ಕೆಸರುಗದ್ದೆಯಲ್ಲಿ ಹಿಡಿ ಮಣ್ಣಿನ ಪರೀಕ್ಷೆಗೆ ಕೆಲಸವಿಲ್ಲ. ರೊಟ್ಟಿಯೂ ಈಗ ಅಂಗಡಿಯಲ್ಲಿ ಕಟ್ಟುಕಟ್ಟಾಗಿ ದೊರೆಯುವದು. ಒಂದು ತಿಂಗಳಲ್ಲಿ ಕಲಿಯಬಹುದಾದ ವಿದ್ಯೆಯು ಒಂದೇ ತಲೆಮಾರಿನಲ್ಲಿ ಮರೆತುಹೋಗುವದಕ್ಕೆ ಇಷ್ಟು ಸಾಕು.

1997ರವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇದ್ದ ಕೊಪ್ಪಳದ ಗವಿಮಠದ ಜಾತ್ರೆಗೆ ಇಂದಿಗೂ ಊರೂರುಗಳಿಂದ ಲಕ್ಷಗಟ್ಟಲೆ ರೊಟ್ಟಿಗಳು ದಾಸೋಹಕ್ಕೆ ಬರುವವು. ಹೆಂಗಸರು ಸಾಲಾಗಿ ಕುಳಿತು ಬಡಿಯುವರು. ಶ್ರಾವಣದ ಪ್ರವಚನಕ್ಕೆ ಬರುವ ಎಳೆಯರನ್ನು, ಹುಡುಗರನ್ನೂ ಸೇರಿಸಿ, ದಾಸೋಹದ ಒಲೆಯ ಬಳಿ ಒಬ್ಬೊಬ್ಬ ಹಿರಿಯಳ ಮಗ್ಗುಲಿಗೆ ತಿಂಗಳು ಕೂಡಿಸಿದರೆ ಮಠಗಳಿಗೆ ಅದೇನೂ ಭಾರವಾಗದು. ಮೊದಲ ವಾರದ ರೊಟ್ಟಿಗಳು ಹರಿದಾವು. ಅವನ್ನು ಮುರಿದು ಮಜ್ಜಿಗೆಯಲ್ಲಿ ನೆನೆಸಿದರೆ ಉಣ್ಣುವದಕ್ಕೇನೂ ಅಡ್ಡಿಯಿಲ್ಲ.